‘ಆಕ್ರಮಣಕಾರಿ ಪ್ರಭೇದ’ಕ್ಕೆ ಬೇರೆ ಮಾತು ಉಂಟೇ?

ಬಳಗದ ಎಲ್ಲರಿಗೂ ನಮಸ್ಕಾರ.

ಬಿಳಿಗಿರಿರಂಗನ ಬೆಟ್ಟದ ಕಾಡಿನಲ್ಲಿ ಲಂಟಾನ ಎಂಬ ಪೊದೆಗಿಡ ಹೇಗೆ ಹಬ್ಬಿತು ಎಂಬುದರ ಬಗ್ಗೆ ಪರಿಸರ ವಿಜ್ಞಾನಿಗಳಾದ ಅಂಕಿಲಾ ಹಿರೇಮಠ, ಭರತ್ ಸುಂದರಂ ಮತ್ತು ಅವರ ಸಂಗಡಿಗರು ನಡೆಸಿದ ಸಂಶೋಧನೆಯನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಒಂದು ಪದದಲ್ಲಿ ಸಿಕ್ಕಿಕೊಂಡಿದ್ದೇನೆ. ಹೊರಗಿನಿಂದ ಬಂದು ಹೀಗೆ ಹರಡುವ ಗಿಡಗಳನ್ನು ನಮ್ಮ ಪತ್ರಿಕೆಗಳು ‘ಆಕ್ರಮಣಕಾರಿ ಪ್ರಭೇದ’, ‘ಆಕ್ರಮಣಶೀಲ ಸಸ್ಯ’ ಎಂದು ಬರೆಯುತ್ತವೆ. ಈ ಮಾತು ನಡೆದದ್ದನ್ನು ಸರಿಯಾಗಿ ಹೇಳುವುದಿಲ್ಲ ಎಂದು ನನಗೆ ಅನ್ನಿಸುತ್ತದೆ. ಕಾರಣವನ್ನು ಕೊಂಚ ವಿವರವಾಗಿಯೇ ಇಡುತ್ತೇನೆ.

ಇಂಥ ಜೀವಿಗಳನ್ನು ಕುರಿತ ಶಾಸ್ತ್ರಕ್ಕೂ ಯುದ್ಧದ ಭಾಷೆಗೂ ಹಳೆಯ ನಂಟು. ಇಂಗ್ಲೆಂಡಿನ ಪರಿಸರ ವಿಜ್ಞಾನಿ ಚಾರ್ಲ್ಸ್ ಎಲ್ಟನ್ 1958ರಲ್ಲಿ ಈ ವಿಷಯಕ್ಕೆ ಅಡಿಪಾಯ ಹಾಕಿದಾಗಲೇ ದಾಳಿ, ಸ್ಫೋಟ ಎಂಬ ಮಾತುಗಳು ಬಂದಿದ್ದವು. ಆದರೆ 2000ದಲ್ಲಿ ಪರಿಸರ ವಿಜ್ಞಾನಿ ಡೇವಿಡ್ ರಿಚರ್ಡ್‌ಸನ್ ಮತ್ತು ಜೊತೆಗಾರರು ಕೊಟ್ಟ ವ್ಯಾಖ್ಯೆಯಲ್ಲಿ ದಾಳಿಯ ಸುಳಿವೇ ಇಲ್ಲ, ಇರುವುದು ಬರಿಯ ಅಳತೆ. ಹೊರಗಿನಿಂದ ತಂದ ಗಿಡ ಮೊದಲು ಅಲ್ಲೊಂದು ಇಲ್ಲೊಂದು ಕಾಣಿಸಿಕೊಂಡು ಅಳಿಯಬಹುದು. ಮನುಷ್ಯರ ನೆರವಿಲ್ಲದೆ ತಲೆಮಾರುಗಟ್ಟಲೆ ಉಳಿದರೆ ಅದು ನೆಲೆಯೂರಿದ ಗಿಡ. ನೆಲೆಯೂರಿದ ಮೇಲೆ ತಾಯಿಗಿಡದಿಂದ ಬಹುದೂರಕ್ಕೆ ಸಂತಾನ ಬೆಳೆಸುತ್ತ ಹೋದರೆ ಮಾತ್ರ ನಮ್ಮ ಚರ್ಚೆಯ ಪದ ಅದಕ್ಕೆ ಸಲ್ಲುತ್ತದೆ. ಬೀಜದಿಂದ ಹರಡುವ ಗಿಡವಾದರೆ 50 ವರ್ಷದೊಳಗೆ 100 ಮೀಟರಿಗಿಂತ ಹೆಚ್ಚು ದೂರ ಎಂಬುದು ಅವರಿಟ್ಟ ಅಂದಾಜು. ಹೊರಗಿನಿಂದ ಬಂದದ್ದೆಲ್ಲ ಹೀಗೆ ಹರಡುವುದಿಲ್ಲ. ಮೆಣಸಿನಕಾಯಿ, ಆಲೂಗಡ್ಡೆ ಎರಡೂ ಅಮೆರಿಕ ಖಂಡದವು. ಹೊಲ ಬಿಟ್ಟು ಹೊರಟು ಕಾಡು ತುಂಬಿಕೊಳ್ಳಲಿಲ್ಲ.

ಈಗ ಬೆಟ್ಟಕ್ಕೆ ಬರುತ್ತೇನೆ. ಲಂಟಾನವೂ ಅಮೆರಿಕ ಖಂಡದ ಉಷ್ಣವಲಯದ್ದು. 19ನೇ ಶತಮಾನದ ಆರಂಭದಲ್ಲಿ ಬ್ರಿಟಿಷರು ಅದನ್ನು ಹೂವಿನ ಚೆಂದಕ್ಕಾಗಿ, ಬೇಲಿಗಾಗಿ ಭಾರತಕ್ಕೆ ತಂದರು. ಬಿಳಿಗಿರಿ ಬೆಟ್ಟದಲ್ಲಿ 1997ರಲ್ಲಿ ಗುರುತಿಟ್ಟ ತುಣುಕು ಜಾಗಗಳನ್ನು 2008ರಲ್ಲಿ ಮತ್ತೆ ಅಳೆದಾಗ, ಲಂಟಾನ ಇದ್ದ ಜಾಗಗಳ ಪಾಲು ಶೇ. 41ರಿಂದ ಶೇ. 81ಕ್ಕೆ ಏರಿತ್ತು. ಹನ್ನೊಂದು ವರ್ಷದಲ್ಲಿ ದುಪ್ಪಟ್ಟು. ಅಷ್ಟಕ್ಕೇ ನಿಂತಿದ್ದರೆ ‘ಆಕ್ರಮಣ’ ಎಂದು ಬರೆದು ಮುಗಿಸಬಹುದಿತ್ತು. ಆದರೆ ಸಂಶೋಧಕರು ಆ ಬೆಟ್ಟದ ಮೂಲನಿವಾಸಿಗಳಾದ ಸೋಲಿಗರನ್ನು ಕೇಳಿದರು. ನನ್ನ ಮಟ್ಟಿಗೆ ಇಡೀ ಕೆಲಸದ ಜೀವಾಳ ಇದೇ.

ಸೋಲಿಗರು ಹೇಳಿದ ಚರಿತ್ರೆಯಲ್ಲಿ ಎರಡು ಘಟ್ಟಗಳಿವೆ. ಗಿಡ ಮೊದಲು ನಿಧಾನಕ್ಕೆ ಬಂತು, ಆಮೇಲೆ ಒಮ್ಮೆಗೇ ಎಲ್ಲೆಡೆ ಆಯಿತು. ಅದಕ್ಕೆ ಅವರು ಕೊಟ್ಟ ಕಾರಣಗಳು ಹಲವು: ಹಿಂದೆ ಕಾಡಿನಿಂದ ಬಿದಿರನ್ನೂ ಹುಲ್ಲನ್ನೂ ಸಾಗಿಸಿದ್ದು, ಗಿಡ ಯಥೇಚ್ಛವಾಗಿ ಹಣ್ಣು ಬಿಡುವುದು, ಬೀಜ ದೂರದೂರಕ್ಕೆ ಚೆಲ್ಲುವುದು, ಕಾಡಿನಲ್ಲಿ ಬೆಂಕಿಯ ವಾಡಿಕೆ ಬದಲಾದದ್ದು. ಈ ಕೊನೆಯ ಕಾರಣವನ್ನು ನಾನು ಬಿಡಲಾರೆ. ಬೇಸಿಗೆ ಬಲಿಯುವ ಮುನ್ನವೇ ನೆಲದ ಒಣ ಎಲೆಗೆ ಅವರು ಹಾಕುತ್ತಿದ್ದ ಸಣ್ಣ ಬೆಂಕಿಗೆ ‘ತರಗು ಬೆಂಕಿ’ ಎಂದು ಹೆಸರು. ಅದು ಮರವನ್ನು ಸುಡದೆ ತರಗನ್ನು ಸುಡುತ್ತಿತ್ತು, ಲಂಟಾನದ ಎಳೆ ಸಸಿಗಳೂ ಅದರಲ್ಲಿ ಹೋಗುತ್ತಿದ್ದವು. 1974ರಲ್ಲಿ ಬೆಟ್ಟ ಅಭಯಾರಣ್ಯವಾಯಿತು, ಬೆಂಕಿ ಹಾಕುವುದು ಅಪರಾಧವಾಯಿತು. ಸೋಲಿಗರು ಇದರೊಡನೆ ಇನ್ನೊಂದನ್ನೂ ಹೇಳುತ್ತಾರೆ: ನೆಲ್ಲಿಮರಗಳ ಮೇಲೆ ಬೆಳೆದು ಅವುಗಳ ಸಾರ ಹೀರುವ ಬಂದಳಿಕೆಯೂ, ಅವರ ಮಾತಿನಲ್ಲಿ ‘ಉಪ್ಪಿಲು’, ಬೆಂಕಿ ನಿಂತ ಮೇಲೆಯೇ ಹೆಚ್ಚಿತು. ಬಂದಳಿಕೆ ಇದೇ ಮಣ್ಣಿನದು, ಯಾರೂ ಹಡಗಿನಲ್ಲಿ ತಂದದ್ದಲ್ಲ. ಹೊರಗಿನದೂ ಒಳಗಿನದೂ ಒಂದೇ ಬದಲಾವಣೆಯಿಂದ ಹಿಗ್ಗಿದವು ಎಂದಾದರೆ, ಗಿಡವನ್ನು ದಾಳಿಕೋರನೆಂದು ಕರೆದ ಕೂಡಲೇ ಆ ಬದಲಾವಣೆ ಓದುಗರ ಕಣ್ಣಿನಿಂದ ಮರೆಯಾಗುತ್ತದೆ. ನನ್ನ ತಕರಾರು ಇಷ್ಟೇ.

ಹಾಗೆಂದು ಮೆತ್ತನೆಯ ಪದ ಬೇಕೆಂದಲ್ಲ. ಹುಲಿಗಳಿರುವ ಭಾರತದ ಕಾಡುಗಳಲ್ಲಿ ಸುಮಾರು 1,54,000 ಚದರ ಕಿಲೋಮೀಟರಿನಷ್ಟು ಜಾಗದಲ್ಲಿ ಲಂಟಾನ ಇದೆಯೆಂದು 2020ರ ಒಂದು ಅಧ್ಯಯನ ಅಂದಾಜಿಸಿದೆ. ಅದರ ಪೊದೆ ದಟ್ಟವಾದ ಕಡೆ ಜಿಂಕೆ, ಕಾಟಿಗಳಿಗೆ ಹುಲ್ಲಿಲ್ಲ, ಮರದ ಸಸಿಗಳಿಗೆ ಬೆಳಕಿಲ್ಲ. ಪದ ಈ ಕೇಡನ್ನು ಮುಚ್ಚಬಾರದು, ಕಾರಣವನ್ನೂ ಮುಚ್ಚಬಾರದು.

ನಮ್ಮಲ್ಲೇ ಇರುವ ಮಾತುಗಳನ್ನು ಒಂದೊಂದಾಗಿ ಹಾಕಿ ನೋಡಿದೆ. ‘ಕಳೆ’ ಒಳ್ಳೆಯ ಪದ, ಕಿತ್ತು ಕಳೆಯಬೇಕಾದದ್ದು ಎಂಬ ಅರ್ಥ ಅದರೊಳಗೇ ಇದೆ. ಆದರೆ ಅದು ಬೆಳೆಯ ನಡುವೆ ನಿಂತ ರೈತನ ಮಾತು. ಗದ್ದೆಯಲ್ಲೇ ಹುಟ್ಟಿದ ಹುಲ್ಲೂ ಕಳೆಯೇ. ‘ಸೀಮೆ’ ಎಂದು ಸೇರಿಸಿದರೆ ಹೊರಗಿನದು ಎಂದಷ್ಟೇ ತಿಳಿಯುತ್ತದೆ. ಸೀಮೆಬದನೆ, ಸೀಮೆಹುಣಸೆಗಳಿಂದ ಯಾರಿಗೂ ಇಂಥ ತೊಂದರೆಯಿಲ್ಲ. ಜನ ಇಟ್ಟ ಹೆಸರುಗಳು ಮೂಲವನ್ನೂ ಹೇಳುವುದಿಲ್ಲ: ಬಳ್ಳಾರಿ ಜಾಲಿಯ ತವರು ಬಳ್ಳಾರಿಯಲ್ಲ, ಅದೂ ಅಮೆರಿಕ ಖಂಡದ್ದು.

‘ಒತ್ತುವರಿ’ ನನ್ನನ್ನು ಬಹಳ ಸೆಳೆಯಿತು. ಕೆರೆ ಒತ್ತುವರಿ, ಗೋಮಾಳ ಒತ್ತುವರಿ ಎಂದರೆ ಎಲ್ಲರಿಗೂ ಅರ್ಥವಾಗುತ್ತದೆ. ಸದ್ದಿಲ್ಲದೆ, ನೋಡಿಕೊಳ್ಳುವವರು ಇಲ್ಲದ ಕಡೆ, ವರ್ಷವರ್ಷಕ್ಕೂ ಇಷ್ಟಿಷ್ಟೇ ಜಾಗ ಹೋಗುತ್ತದೆ. ಲಂಟಾನದ ರೀತಿಯೂ ಅದೇ. ಆದರೆ ಕಾಡಿನ ಮಾತಿಗೆ ಬಂದಾಗ ಒತ್ತುವರಿದಾರ ಎಂಬ ಹಣೆಪಟ್ಟಿ ಕಾಡುವಾಸಿಗಳ ಮೇಲೆ ಬಿದ್ದ ಚರಿತ್ರೆಯಿದೆ. ಸೋಲಿಗರ ಅರಿವನ್ನು ಹೇಳುವ ಬರಹದಲ್ಲಿ ಆ ಪದ ಬಳಸಲು ಮನಸ್ಸು ಒಪ್ಪಲಿಲ್ಲ.

ಉಳಿದದ್ದು ‘ಹಬ್ಬು’. ಬೆಂಕಿ ಹಬ್ಬುತ್ತದೆ, ರೋಗ ಹಬ್ಬುತ್ತದೆ, ಸುದ್ದಿಯೂ ಹಬ್ಬುತ್ತದೆ. ಹಬ್ಬಲು ಒಂದು ಎಡೆ ಬೇಕು, ತಡೆಯುವುದು ಇರಬಾರದು ಎಂಬ ಭಾವ ಆ ಕ್ರಿಯಾಪದದಲ್ಲೇ ಇದೆ. ‘ಹಬ್ಬುಗಿಡ’ ಎಂದರೆ ಬಳ್ಳಿಯೆಂದು ತಿಳಿಯುವ ಅಪಾಯವುಂಟು. ತೋಟಗಳನ್ನು ಕಾಡುವ ಆಫ್ರಿಕದ ದೊಡ್ಡ ಬಸವನಹುಳುವನ್ನೂ ಪದ ಒಳಗೊಳ್ಳಬೇಕು. ಹಾಗಾಗಿ ಸದ್ಯಕ್ಕೆ ‘ಹಬ್ಬುಜೀವಿ’, ಗಿಡಕ್ಕೆ ‘ಹಬ್ಬುಕಳೆ’ ಎಂದು ಬರೆದಿಟ್ಟಿದ್ದೇನೆ. ಮೂರು ಹಂತಗಳಿಗೆ ‘ಬಂದದ್ದು, ನೆಲೆಯೂರಿದ್ದು, ಹಬ್ಬಿದ್ದು’ ಎಂಬ ಸರಣಿ ಬಾಯಿಗೂ ಸುಲಭ.

ಇನ್ನೊಂದು ಪದದ ವಿಷಯ, ಇದು ಬೇಡಿಕೆ ಎಂದೇ ತಿಳಿಯಿರಿ. ವರದಿಗಳಲ್ಲಿ ಕಾಡಿನ ಎಲ್ಲ ಬೆಂಕಿಗೂ ‘ಕಾಡ್ಗಿಚ್ಚು’ ಎಂದೇ ಬರೆಯುತ್ತೇವೆ. ಕಡುಬೇಸಿಗೆಯಲ್ಲಿ ಮರದ ನೆತ್ತಿಗೇರುವ ಉರಿಗೂ ಮುಂಚೆಯೇ ನೆಲ ಸವರಿಹೋಗುವ ತರಗು ಬೆಂಕಿಗೂ ಒಂದೇ ಹೆಸರಾದರೆ ಸೋಲಿಗರ ವಾದವೇ ಓದುಗರಿಗೆ ತಿಳಿಯದು. ಅವರ ಪದವನ್ನು ಹಾಗೆಯೇ ಬರಹದ ಕನ್ನಡಕ್ಕೆ ತೆಗೆದುಕೊಳ್ಳೋಣ.

ತಿಳಿದವರು ದಯವಿಟ್ಟು ಹೇಳಿ: ಲಂಟಾನಕ್ಕೆ ನಿಮ್ಮ ಕಡೆ ಏನನ್ನುತ್ತಾರೆ? ನಾನು ಕೇಳಿರುವುದು ರೋಜದ ಗಿಡ, ಚದುರಂಗಿ. ಒಂದೇ ಗಿಡ ಗುಡ್ಡವನ್ನೆಲ್ಲ ತುಂಬಿಕೊಂಡಾಗ ಹಿರಿಯರು ಯಾವ ಕ್ರಿಯಾಪದ ಬಳಸುತ್ತಾರೆ? ಕವಿಯಿತು, ಮುಸುಕಿತು, ಹಬ್ಬಿತು, ಅಥವಾ ಇವ್ಯಾವುವೂ ಅಲ್ಲದ ಇನ್ನೊಂದೋ? ‘ತರಗು ಬೆಂಕಿ’ಯಂಥ ಮಾತು ಮಲೆನಾಡಿನಲ್ಲಿ, ಕೊಡಗಿನಲ್ಲಿ, ಕಾಕನಕೋಟೆಯ ಕಡೆ ಬಳಕೆಯಲ್ಲಿದೆಯೇ?