‘ಸೇಲ್ಸ್ ಕಾಪಿ’ಗೆ ಕನ್ನಡ ಪದ ಬೇಕು (ತುರ್ತು)

ಎಲ್ಲರಿಗೂ ನಮಸ್ಕಾರ.

ಇ-ಪುಸ್ತಕ, ವಿಡಿಯೊ ಪಾಠಗಳನ್ನು ಆನ್‌ಲೈನ್‌ನಲ್ಲಿ ಮಾರುವವರಿಗಾಗಿ ಬರೆದ ಕೈಪಿಡಿಯೊಂದರ ಅನುವಾದ ನಾಳೆ ಬೆಳಗ್ಗೆ ಪುಟವಿನ್ಯಾಸಕ್ಕೆ ಹೋಗಬೇಕು. ಮೂರು ಪದ ಬಾಕಿ ಇವೆ: ‘ಸೇಲ್ಸ್ ಕಾಪಿ’ (ಓದಿದವರು ಕೊಳ್ಳುವಂತೆ ಮಾರಾಟದ ಪುಟದಲ್ಲಿ ಬರೆಯುವ ಬರಹ), ‘ಇನ್ಫರ್ಮೇಷನ್ ಪ್ರಾಡಕ್ಟ್’ (ಇ-ಪುಸ್ತಕ, ವಿಡಿಯೊ ಪಾಠದಂಥ ಸರಕು), ಬಟನ್ ಮೇಲಿನ ‘ಬೈ ನೌ’. ಕರಡಿನಲ್ಲಿ ಸದ್ಯಕ್ಕೆ ‘ಮಾರಾಟ ಪ್ರತಿ’, ‘ಮಾಹಿತಿ ಉತ್ಪನ್ನ’, ‘ಈಗಲೇ ಖರೀದಿಸಿ’ ಎಂದಿದೆ. ಹಣ ಹಿಂತಿರುಗಿಸುವ ಭರವಸೆಗೆ ‘30 ದಿನಗಳ ಮರುಪಾವತಿ’ ಎಂದು ಹಾಕಿದ್ದೇನೆ. ಇವತ್ತೇ ತಿಳಿಸಿದರೆ ಉಪಕಾರ.

———

‘ಮಾರಾಟ ಪ್ರತಿ’ ಅಂದರೆ ಮಾರಾಟಕ್ಕಿಟ್ಟ ಪುಸ್ತಕದ ಪ್ರತಿ. ತೆಗೆದುಹಾಕಿ. ಪತ್ರದ ಒಕ್ಕಣೆ, ಕರೆಯೋಲೆಯ ಒಕ್ಕಣೆ ಅನ್ನುತ್ತೇವಲ್ಲ, ಹಾಗೇ ‘ಮಾರಾಟದ ಒಕ್ಕಣೆ’. ‘ಖರೀದಿ’ ಪಾರಸಿ, ‘ಕೊಳ್ಳಿ’ ಸಾಕು. ಅಚ್ಚಗನ್ನಡ ಇರುವಾಗ ಸಾಲ ಯಾಕೆ?

———

> ಅಚ್ಚಗನ್ನಡ ಇರುವಾಗ

ತೆನೆ ಒಕ್ಕುವ ಒಕ್ಕಣೆ ಕನ್ನಡದ್ದು. ಪತ್ರದ ಒಕ್ಕಣೆ ಬೇರೆ. ಅದರ ಜಾಡು ಹಿಡಿದು ಹೋದರೆ ವಕ್ಕಣೆ, ವಕ್ಖಾಣ, ಕೊನೆಗೆ ಸಂಸ್ಕೃತದ ವ್ಯಾಖ್ಯಾನ. ತದ್ಭವಕ್ಕೆ ಬಾಗಿಲು ತೆರೆದು ಪಾರಸಿಗೆ ಮುಚ್ಚುವುದು ನಿಯಮವಲ್ಲ. ಹಾಗಾದರೆ ‘ಜಾಹೀರಾತು’ ಪದವನ್ನೂ ಬಿಡುತ್ತೀರಾ?

———

ಮೂಲದ ಚರ್ಚೆ ಆಮೇಲೆ ಆಗಲಿ, ಕೈಪಿಡಿ ನಾಳೆ ಹೋಗಬೇಕು.

‘ಮಾರಾಟದ ಒಕ್ಕಣೆ’ಗೆ ನನ್ನ ಮತವೂ ಇದೆ. ಶೀರ್ಷಿಕೆಯಿಂದ ಹಿಡಿದು ಬಟನ್ ಕೆಳಗಿನ ‘ವಿ.ಸೂ.’ವರೆಗೆ ಎಲ್ಲವೂ ಅದರಲ್ಲಿ ಅಡಗುತ್ತದೆ. ‘ಮಾಹಿತಿ ಉತ್ಪನ್ನ’ವನ್ನು ಕೈಪಿಡಿಯೊಳಗೆ ಪರಿಭಾಷೆಯಾಗಿ ಇಟ್ಟುಕೊಳ್ಳಿ. ಆದರೆ ಕೊಳ್ಳುವವರಿಗೆ ತೋರಿಸುವ ಮಾದರಿ ಪುಟಗಳಲ್ಲಿ ಒಂದು ಸಲವೂ ಬರಕೂಡದು. ಯಾರೂ ಮಾಹಿತಿ ಉತ್ಪನ್ನ ಹುಡುಕಿಕೊಂಡು ಬರುವುದಿಲ್ಲ. ಕೈಗೆ ಸಿಗುವುದೇನು ಎಂದೇ ಬರೆಯಿರಿ: ‘12 ವಿಡಿಯೊ ಪಾಠ, ಜೊತೆಗೆ ತುಂಬಿಸಬಹುದಾದ ಮಾದರಿ ಹಾಳೆಗಳು’.

ಬಟನ್ ವಿಷಯ. ‘ಕೊಳ್ಳಿ’ ಒಂಟಿಯಾಗಿ ನಿಂತರೆ ಉರಿಯುವ ಕೊಳ್ಳಿ ಕಣ್ಣಿಗೆ ಬರುತ್ತದೆ. ವಾಕ್ಯದೊಳಗೆ ಸಂದರ್ಭ ಕಾಪಾಡುತ್ತದೆ, ಬಟನ್‌ಗೆ ಸಂದರ್ಭವಿಲ್ಲ. ‘ಕೊಂಡುಕೊಳ್ಳಿ’ ಆಗಬಹುದು. ‘ಸಲ್ಲಿಸಿ’ ಮಾತ್ರ ಬೇಡವೇ ಬೇಡ, ಅದು ಅರ್ಜಿ ನಮೂನೆಯ ಭಾಷೆ. ಓದುಗ ಕೊಡುವುದನ್ನು ಹೇಳುತ್ತದೆ, ಪಡೆಯುವುದನ್ನಲ್ಲ. ನನ್ನ ಆಯ್ಕೆ ‘ಪಾಠಗಳನ್ನು ಪಡೆಯಿರಿ’, ಅದರ ಕೆಳಗೆ ಸಣ್ಣಕ್ಷರದಲ್ಲಿ ಬೆಲೆ. ಬೆಲೆ ಕಾಣದೆ ‘ಪಡೆಯಿರಿ’ ಅಂದರೆ ಪುಕ್ಕಟೆ ಅಂದುಕೊಂಡು ಒತ್ತಿ, ಹಣ ಕಟ್ಟುವ ಪುಟ ಕಂಡ ಕೂಡಲೇ ಹೊರಟುಬಿಡುತ್ತಾರೆ. ಮೊಬೈಲ್‌ನಲ್ಲಿ ತೆರೆದು ನೋಡಿ. ಸಾಲು ಎರಡಾದರೆ ‘ಪಾಠ ಪಡೆಯಿರಿ’ ಸಾಕು.

ಎರಡು ಬಟನ್‌ಗಳಲ್ಲಿ ಯಾವುದು ಮಾರುತ್ತದೆ ಎಂದು ಪರೀಕ್ಷಿಸುವ ಅಧ್ಯಾಯ ಇದ್ದರೆ, ಬರುವವರನ್ನು ಅದೇ ಅವಧಿಯಲ್ಲಿ ಅರ್ಧರ್ಧ ಹಂಚಬೇಕು ಎಂಬುದು ಅನುವಾದದಲ್ಲಿ ಸ್ಪಷ್ಟವಾಗಿರಲಿ. ಈ ವಾರ ಒಂದು, ಮುಂದಿನ ವಾರ ಇನ್ನೊಂದು ಎಂದು ಹಾಕಿದರೆ ಬಂದ ಜನವೇ ಬೇರೆಯಾಗಿರುತ್ತಾರೆ. ಶೀರ್ಷಿಕೆಯನ್ನೂ ಜೊತೆಗೇ ಬದಲಿಸಿದರೆ ಕೆಲಸ ಮಾಡಿದ್ದು ಯಾವುದೆಂದು ಗೊತ್ತಾಗುವುದಿಲ್ಲ.

ಎಲ್ಲಕ್ಕಿಂತ ಅಪಾಯ ‘ಮರುಪಾವತಿ’ಯಲ್ಲಿದೆ. ಸಾಲ ತೀರಿಸುವುದಕ್ಕೂ ಅದೇ ಪದ. ‘30 ದಿನಗಳ ಮರುಪಾವತಿ’ ಎಂದು ಓದಿದವರಿಗೆ, ಯಾರು ಯಾರಿಗೆ ಕೊಡಬೇಕು? ಅನುಮಾನ ನೀಗಿಸಬೇಕಾದ ಸಾಲೇ ಅನುಮಾನ ಹುಟ್ಟಿಸುತ್ತದೆ. ‘30 ದಿನದೊಳಗೆ ಕೇಳಿದರೆ ಪೂರ್ತಿ ಹಣ ವಾಪಸ್’ ಎನ್ನಿ. ಎಣಿಕೆ ಕೊಂಡ ದಿನದಿಂದಲೋ ಮೊದಲ ಪಾಠ ಕೈಸೇರಿದ ದಿನದಿಂದಲೋ ಎಂಬುದನ್ನೂ ಅಲ್ಲೇ ಹೇಳಿ.

———

‘ವಾಪಸ್’ ಕೂಡ ಪಾರಸಿಯೇ. ‘ಪೂರ್ತಿ ಹಣ ಹಿಂದಿರುಗಿಸುತ್ತೇವೆ’ ಎನ್ನಲು ಏನು ಅಡ್ಡಿ? ತದ್ಭವ ಸಾವಿರ ವರ್ಷ ನಮ್ಮ ನಾಲಿಗೆಯಲ್ಲಿ ಸವೆದಿದೆ, ಅದನ್ನು ಸಾಲವೆಂದು ಎಣಿಸುವುದು ತಪ್ಪು.

———

ನಾಲಿಗೆಯಲ್ಲಿ ಸವೆದದ್ದೇ ಅಳತೆಯಾದರೆ ‘ವಾಪಸ್’ ಕೂಡ ಸವೆದಿದೆ. ಇಲ್ಲಿಗೆ ಬಿಡುತ್ತೇನೆ.

———

‘ಹಿಂದಿರುಗಿಸುತ್ತೇವೆ’ ಒಳ್ಳೆಯದೇ, ಆದರೆ ಪಾರಸಿಯ ಕಾರಣಕ್ಕಲ್ಲ. ಕ್ರಿಯಾಪದದಲ್ಲೇ ‘ನಾವು’ ಇದೆ, ಹೊಣೆ ಯಾರದೆಂದು ಗೊತ್ತಾಗುತ್ತದೆ. ಪುಟದಲ್ಲಿ ಅದನ್ನೇ ಹಾಕಿ. ಜಾಗ ಸಾಲದ ಕಡೆ, ಬಟನ್ ಪಕ್ಕದ ಮುದ್ರೆಯಂಥಲ್ಲಿ, ‘ಹಣ ವಾಪಸ್’.