ಸ್ನೋ ಬ್ಲೋವರ್ ಶೂಟ್ ಬದಲಾಯಿಸಬೇಕು: ಬುಡದ ಹಲ್ಲು ಸವೆದಿದೆ, ಬೋಲ್ಟ್ ತೂತಿನ ಹತ್ತಿರ ಬಿರುಕು

ಬ್ಯಾರಿ ಕನ್ನಡಿಗ

ಎಲ್ಲರಿಗೂ ನಮಸ್ಕಾರ. ನಾವಿರುವುದು ಒಂಟಾರಿಯೊದ ಬ್ಯಾರಿಯಲ್ಲಿ. 24 ಇಂಚು ಅಗಲದ, ಪೆಟ್ರೋಲ್ ಇಂಜಿನ್ನಿನ ಟೂ ಸ್ಟೇಜ್ ಸ್ನೋ ಬ್ಲೋವರ್ ಇದೆ. ಶೂಟ್, ಅಂದರೆ ಸ್ನೋವನ್ನು ಹೊರಗೆ ಎರಚುವ ಕೊಳವೆ, ಪ್ಲಾಸ್ಟಿಕ್ಕಿನದು. ತಿರುಗಿಸಲು ಹ್ಯಾಂಡಲ್ ಕಡೆಯಿಂದ ಉದ್ದ ಕ್ರ್ಯಾಂಕ್ ಕಂಬಿ ಬರುತ್ತದೆ, ಅದರ ತುದಿಯಲ್ಲಿ ಸುರುಳಿ ಗೇರ್.

ಈಗ ಕ್ರ್ಯಾಂಕ್ ತಿರುಗಿಸಿದರೆ ಶೂಟ್ ಅರ್ಧ ದಾರಿ ಬಂದು ಟಕ್ ಟಕ್ ಎಂದು ಜಾರುತ್ತದೆ. ಕೆಲಸ ಮಾಡುತ್ತಿರುವಾಗ ತಾನಾಗಿಯೇ ಬಲಕ್ಕೆ ತಿರುಗಿ ಪಕ್ಕದವರ ಡ್ರೈವ್‌ವೇಗೆ ಎರಚುತ್ತದೆ. ಬುಡದ ಅಂಚಿನಲ್ಲಿ ನಾಲ್ಕೈದು ಹಲ್ಲು ಸವೆದಿವೆ. ಒಂದು ಬೋಲ್ಟ್ ತೂತಿನಿಂದ ಮೇಲಕ್ಕೆ ಸುಮಾರು 2 ಇಂಚು ಬಿರುಕು ಬಿಟ್ಟಿದೆ.

ಎಪಾಕ್ಸಿ ಹಾಕಿ ಈ ಚಳಿಗಾಲ ದೂಡಬಹುದೇ? ಇಲ್ಲವಾದರೆ ಪ್ಲಾಸ್ಟಿಕ್ ಬದಲು ತಗಡಿನ ಶೂಟ್ ಕೂರುತ್ತದೆಯೇ? ಶೂಟ್ ಜೊತೆ ಇನ್ನೇನು ತರಿಸಬೇಕು? ಬಿಚ್ಚಿ ಕೂರಿಸುವ ಕ್ರಮ ಗೊತ್ತಿದ್ದವರು ದಯವಿಟ್ಟು ವಿವರವಾಗಿ ತಿಳಿಸಿ.

ಮಿನ್ನೆಸೋಟ ಗ್ಯಾರೇಜ್

ಎಪಾಕ್ಸಿ ಬೇಡ ಸರ್, ನಿಲ್ಲುವುದಿಲ್ಲ. ಇಂಥ ಶೂಟ್‌ಗಳು ಹೆಚ್ಚಾಗಿ ಪಾಲಿಎಥಿಲೀನ್‌ನವು. ಸ್ನೋ ಅಂಟಬಾರದು ಎಂದೇ ಆ ಪ್ಲಾಸ್ಟಿಕ್ ಬಳಸುತ್ತಾರೆ, ಅದರ ಮೇಲೆ ಅಂಟೂ ಹಿಡಿಯುವುದಿಲ್ಲ. ಭಾಗ ಬರುವವರೆಗೆ ಹೇಗೋ ನಡೆಸಬೇಕಾದರೆ, ಬಿರುಕಿನ ಕೊನೆ ಎಲ್ಲಿದೆಯೋ ಸರಿಯಾಗಿ ಅಲ್ಲಿ 1/8 ಇಂಚಿನ ತೂತು ಕೊರೆಯಿರಿ. ಬಿರುಕು ಮುಂದೆ ಓಡುವುದು ನಿಲ್ಲುತ್ತದೆ. ಹೊರಗಡೆಯಿಂದ ಒಂದು ತಗಡಿನ ಪಟ್ಟಿ ಇಟ್ಟು, ಬೋಲ್ಟಿನ ತಲೆ ಒಳಗೆ ಬರುವಂತೆ ಬಿಗಿಯಿರಿ. ಹಲ್ಲು ಹೋದದ್ದಕ್ಕೆ ಮಾತ್ರ ಇಂಥ ಉಪಾಯ ಯಾವುದೂ ಇಲ್ಲ.

ಆದರೆ ಹಳೆಯ ಶೂಟ್ ಯಾಕೆ ಹಾಳಾಯಿತು ಎಂದು ನೋಡದೆ ಹೊಸದನ್ನು ಕೂರಿಸಬೇಡಿ. ಹಲ್ಲು ಸುಮ್ಮನೆ ಸವೆಯುವುದಿಲ್ಲ. ಶೂಟಿನ ಅಂಚು ಕೂರುವುದು ಇಂಪೆಲ್ಲರ್ (ಸ್ನೋವನ್ನು ಶೂಟಿಗೆ ಎಸೆಯುವ ರೆಕ್ಕೆ ಚಕ್ರ) ಇರುವ ಹೌಸಿಂಗಿನ ಬಾಯಿಯ ತಗಡಿನ ಉಂಗುರದ ಮೇಲೆ. ಆ ಉಂಗುರದ ಕೆಳಗಡೆಯಿಂದ ಅಪ್ಪಿ ಹಿಡಿಯಲು ಸಣ್ಣ ಪ್ಲಾಸ್ಟಿಕ್ ಕೀಪರ್‌ಗಳಿರುತ್ತವೆ. ನಿಮ್ಮಂಥ ಮಾದರಿಗಳಲ್ಲಿ ಬಹುಮಟ್ಟಿಗೆ ಮೂರು, ಒಂದೊಂದಕ್ಕೆ ಎರಡು ಬೋಲ್ಟ್. ಉಂಗುರಕ್ಕೆ ತುಕ್ಕು ಹಿಡಿದು ಹಕ್ಕಳೆ ಎದ್ದರೆ ಅದು ಅರದ ಹಾಗೆ ಕೀಪರ್‌ಗಳನ್ನು ತಿನ್ನುತ್ತದೆ. ಕೀಪರ್ ಸವೆದರೆ ಶೂಟ್ ಒಂದು ಬದಿಗೆ ಎದ್ದು ನಿಲ್ಲುತ್ತದೆ, ಸುರುಳಿ ಗೇರ್ ಹಲ್ಲಿನ ತುದಿಯನ್ನಷ್ಟೇ ಮುಟ್ಟುತ್ತದೆ. ಆಮೇಲೆ ಜಾರುವುದು, ಕಡಿಯುವುದು ಎಲ್ಲ ಶುರು. ತಾನಾಗಿ ಬಲಕ್ಕೆ ತಿರುಗುವುದಕ್ಕೂ ಅದೇ ಕಾರಣ: ಹಲ್ಲಿಗೆ ಹಿಡಿತ ಇಲ್ಲದಾಗ ಇಂಪೆಲ್ಲರ್‌ನಿಂದ ಬರುವ ಸ್ನೋವಿನ ಹೊಡೆತವೇ ಶೂಟನ್ನು ತಳ್ಳುತ್ತದೆ.

ಇನ್ನೊಂದು ಕಾರಣವೂ ಇದೆ. ಬುಡದಲ್ಲಿ ನೀರು ನಿಂತು ಹೆಪ್ಪುಗಟ್ಟಿರುತ್ತದೆ, ಬೆಳಿಗ್ಗೆ ಕ್ರ್ಯಾಂಕನ್ನು ಬಲವಾಗಿ ತಿರುಗಿಸುತ್ತೇವೆ. ಕಂಬಿ ಉಕ್ಕಿನದು, ಹಲ್ಲು ಪ್ಲಾಸ್ಟಿಕ್ಕಿನದು. ಸೋಲುವುದು ಪ್ಲಾಸ್ಟಿಕ್ಕೇ.

ತಗಡಿನ ಶೂಟ್ ಬೇಕೆಂದರೆ ನಿಮ್ಮ ಮಾದರಿಯ ಭಾಗಗಳ ಚಿತ್ರಪಟದಲ್ಲಿ ಅದು ಇದ್ದರೆ ಮಾತ್ರ ತರಿಸಿ. ಉಂಗುರದ ವ್ಯಾಸ ಒಂದೇ ಇದ್ದರೂ ಹಲ್ಲುಗಳ ನಡುವಿನ ಅಂತರ ಬೇರೆ ಇರಬಹುದು, ಆಗ ಸುರುಳಿ ಗೇರ್ ಹೊಂದುವುದಿಲ್ಲ. ನನ್ನ ಅಭಿಪ್ರಾಯದಲ್ಲಿ ಕೆರೆಯ ಸುತ್ತಮುತ್ತಲ ಒದ್ದೆ ಸ್ನೋಗೆ ಪ್ಲಾಸ್ಟಿಕ್ಕೇ ಮೇಲು. ತಗಡಿನ ಒಳಮೈಯ ಬಣ್ಣ ಹೋದ ದಿನದಿಂದ ಸ್ನೋ ಅಂಟಲು ಶುರುವಾಗುತ್ತದೆ.

ತರಿಸುವಾಗ ಮಾಡೆಲ್ ಮತ್ತು ಸೀರಿಯಲ್ ನಂಬರ್ ಎರಡನ್ನೂ ಕೊಡಿ. ಪಟ್ಟಿ ಅಂಟಿಸಿರುವುದು ಸಾಮಾನ್ಯವಾಗಿ ಚಕ್ರಗಳ ನಡುವಿನ ಚೌಕಟ್ಟಿನ ಮೇಲೆ, ಹಿಂದಿನಿಂದ ಬಗ್ಗಿ ನೋಡಿದರೆ ಕಾಣುತ್ತದೆ. ‘24 ಇಂಚಿಗೆ ಸರಿಹೋಗುತ್ತದೆ’ ಎನ್ನುವ ಜಾಹೀರಾತು ನಂಬಬೇಡಿ, 24 ಇಂಚು ಎನ್ನುವುದು ಮುಂದಿನ ಬಾಯಿಯ ಅಗಲ. ಶೂಟಿಗೂ ಅದಕ್ಕೂ ಸಂಬಂಧವಿಲ್ಲ. ಶೂಟ್ ಜೊತೆ ಎಲ್ಲ ಕೀಪರ್‌ಗಳು, ಅವುಗಳ ಬೋಲ್ಟ್ ಮತ್ತು ನೈಲಾನ್ ಲಾಕ್ ನಟ್, ಕ್ರ್ಯಾಂಕ್ ಬ್ರಾಕೆಟ್ಟಿನ ಬುಷ್ ಮತ್ತು ಅದರ ಕಾಟರ್ ಪಿನ್ ತರಿಸಿ. ಒಮ್ಮೆ ಬಿಚ್ಚಿದ ನೈಲಾನ್ ನಟ್ಟನ್ನು ಮತ್ತೆ ಹಾಕಬೇಡಿ, ಹಿಡಿತ ಕಡಿಮೆಯಾಗಿರುತ್ತದೆ.

ಸ್ಪ್ಯಾನರ್ 13

ಬಿಚ್ಚುವ ಕ್ರಮ ನಾನು ಬರೆಯುತ್ತೇನೆ.

ಇಂಜಿನ್ ತಣ್ಣಗಿರಲಿ. ಕೀ ತೆಗೆದು ಜೇಬಿಗೆ ಹಾಕಿ, ಸ್ಪಾರ್ಕ್ ಪ್ಲಗ್ ವೈರ್ ಕಳಚಿ ಪ್ಲಗ್‌ಗೆ ತಾಗದಂತೆ ದೂರ ಸಿಕ್ಕಿಸಿ. ಎಲೆಕ್ಟ್ರಿಕ್ ಸ್ಟಾರ್ಟ್ ಇದ್ದರೆ ಅದರ ವೈರನ್ನು ಗೋಡೆಯಿಂದ ಕಿತ್ತಿಡಿ. ಬ್ಯಾಟರಿ ಯಂತ್ರವಾದರೆ ಬ್ಯಾಟರಿಯನ್ನೇ ಹೊರಗೆ ತೆಗೆಯಿರಿ. ಯಂತ್ರವನ್ನು ಬಗ್ಗಿಸುವ ಅಗತ್ಯವಿಲ್ಲ, ಸಮನೆಲದ ಮೇಲೆ ನಿಂತಿರಲಿ.

5/16 ಇಂಚಿನ ಬೋಲ್ಟಿಗೆ 1/2 ಇಂಚಿನ ಸ್ಪ್ಯಾನರ್, 1/4 ಇಂಚಿನದಕ್ಕೆ 7/16. ಯಂತ್ರ ಜಪಾನಿನ ಕಂಪನಿಯದಾದರೆ ಮೆಟ್ರಿಕ್ ಸೆಟ್ ಬೇಕು. ನಟ್ ಹಿಡಿಯಲು ಒಂದು, ತಲೆ ಹಿಡಿಯಲು ಒಂದು, ಹೀಗೆ ಜೋಡಿ ಇಟ್ಟುಕೊಳ್ಳಿ. ಎಲ್ಲ ನಟ್‌ಗಳಿಗೂ ಹಿಂದಿನ ರಾತ್ರಿಯೇ ತುಕ್ಕು ಸಡಿಲಿಸುವ ಎಣ್ಣೆ ಹೊಡೆದಿಟ್ಟರೆ ಬೆಳಿಗ್ಗೆ ಅರ್ಧ ಕೆಲಸ ಮುಗಿದಂತೆ.

ಮೊದಲು ಮೇಲಿನ ಡಿಫ್ಲೆಕ್ಟರ್, ಅಂದರೆ ಸ್ನೋ ಎಷ್ಟು ದೂರ ಬೀಳಬೇಕೆಂದು ನಿರ್ಧರಿಸುವ ಮುಚ್ಚಳ. ಹೊಸ ಶೂಟ್ ಎಷ್ಟೋ ಸಲ ಇದಿಲ್ಲದೆ ಬರುತ್ತದೆ, ಹಳೆಯದನ್ನೇ ವರ್ಗಾಯಿಸಬೇಕು. ಅದರ ಕೀಲಿನಲ್ಲಿ ರಬ್ಬರ್ ವಾಷರ್, ಚಪ್ಪಟೆ ವಾಷರ್, ಸ್ಪ್ರಿಂಗ್ ಯಾವ ಕ್ರಮದಲ್ಲಿವೆ ಎಂದು ಬಿಚ್ಚುವ ಮೊದಲು ಫೋಟೋ ತೆಗೆಯಿರಿ. ಒಂದು ವಾಷರ್ ಹಿಂದುಮುಂದಾದರೂ ಮುಚ್ಚಳ ಸ್ನೋ ಹೊಡೆತಕ್ಕೆ ತಾನೇ ಮೇಲೇಳುತ್ತದೆ.

ನಂತರ ಕ್ರ್ಯಾಂಕ್. ಸುರುಳಿ ಗೇರಿನ ಹತ್ತಿರದ ಕಾಟರ್ ಪಿನ್ ಎಳೆದು, ಬ್ರಾಕೆಟ್ ನಟ್ ಸಡಿಲಿಸಿ, ಕಂಬಿಯನ್ನು ಹಿಂದಕ್ಕೆ ಸರಿಸಿ. ಕೊನೆಗೆ ಕೀಪರ್ ಬೋಲ್ಟ್‌ಗಳು. ಶೂಟನ್ನು ಕೈಯಿಂದ ತಿರುಗಿಸುತ್ತಾ ಒಂದೊಂದೇ ಕೀಪರನ್ನು ಮುಂದಕ್ಕೆ ತಂದುಕೊಂಡು ಬಿಚ್ಚಿ. ಬಿಚ್ಚಿದ ನಟ್ ಹೌಸಿಂಗ್ ಒಳಗೆ ಬೀಳದಂತೆ ಬಾಯಿಗೆ ಒಂದು ಬಟ್ಟೆ ತುರುಕಿ, ಕೆಲಸ ಮುಗಿದ ಮೇಲೆ ತೆಗೆಯಲು ಮರೆಯಬೇಡಿ. ಇಂಪೆಲ್ಲರ್ ಒಳಗೆ ನಟ್ ಉಳಿದುಬಿಟ್ಟರೆ ಇಂಜಿನ್ ಶುರುವಾದಾಗ ಅದು ಗುಂಡಿನಂತೆ ಹೊರಬರುತ್ತದೆ.

ಕೂರಿಸುವುದು ಇದರ ಉಲ್ಟಾ ಕ್ರಮ. ಪ್ಲಾಸ್ಟಿಕ್ ಚಳಿಯಲ್ಲಿ ಪೆಡಸಾಗಿ ಬೇಗ ಸೀಳುತ್ತದೆ, ಹೊಸ ಶೂಟನ್ನು ಒಂದು ರಾತ್ರಿ ಮನೆಯೊಳಗಿಟ್ಟು ಬೆಚ್ಚಗಾದ ಮೇಲೆ ಹಾಕಿ. ಎಲ್ಲ ಬೋಲ್ಟ್‌ಗಳನ್ನೂ ಬೆರಳಲ್ಲೇ ತಿರುಗಿಸಿ ಕೂರಿಸಿ, ಆಮೇಲೆ ಒಂದೊಂದು ಸುತ್ತು ಸರದಿಯಲ್ಲಿ ಬಿಗಿಯಿರಿ. ಕೀಪರ್ ಅಂಚಿಗೆ ಒತ್ತಿ ಕೂತಿತು ಎಂದಾಗ ಸಾಕು. ಹೆಚ್ಚು ಬಿಗಿದರೆ ಬೋಲ್ಟ್ ತೂತಿನಿಂದಲೇ ಬಿರುಕು ಹೊರಡುತ್ತದೆ, ನಿಮ್ಮ ಹಳೆಯದಕ್ಕೆ ಆದದ್ದು ಬಹುಶಃ ಇದೇ.

ಬ್ಯಾರಿ ಕನ್ನಡಿಗ

ಇಬ್ಬರಿಗೂ ಧನ್ಯವಾದಗಳು. ಭಾಗಗಳು ಬಂದವು, ಬಿಚ್ಚಿದೆ. ನೀವು ಹೇಳಿದಂತೆಯೇ ಮೂರೂ ಕೀಪರ್ ಸವೆದು ಅರ್ಧ ದಪ್ಪ ಉಳಿದಿವೆ. ಉಂಗುರದ ಅಂಚಿನಲ್ಲಿ ತುಕ್ಕಿನ ಹಕ್ಕಳೆ. ಎರಡು ನಟ್ ಮೂಲೆ ಸವೆದು ಗುಂಡಗಾಗಿವೆ, ಸ್ಪ್ಯಾನರ್ ಜಾರುತ್ತದೆ. ಹೊಸ ಶೂಟನ್ನು ಸುಮ್ಮನೆ ಇಟ್ಟು ನೋಡಿದರೆ ಒಂದು ಕಡೆ ಸಲೀಸು, ಇನ್ನೊಂದು ಕಡೆ ಬಿಗಿ. ಇದು ಶೂಟಿನ ದೋಷವೇ?

ಮಿನ್ನೆಸೋಟ ಗ್ಯಾರೇಜ್

ಶೂಟಿನದಲ್ಲ, ಉಂಗುರದ್ದು. ಮೊದಲು ನಟ್ ವಿಚಾರ. ಗ್ರೈಂಡರ್ ಹಿಡಿಯಬೇಡಿ, ಪೆಟ್ರೋಲ್ ಟ್ಯಾಂಕ್ ಒಂದು ಮೊಳ ದೂರದಲ್ಲಿದೆ, ಕಿಡಿ ಬೇಡವೇ ಬೇಡ. ಹಳೆಯ ಶೂಟ್ ಹೇಗೂ ಎಸೆಯುವುದೇ. ನಟ್ ಸುತ್ತಲಿನ ಪ್ಲಾಸ್ಟಿಕ್ಕನ್ನು ಹ್ಯಾಕ್ಸಾ ಬ್ಲೇಡಿನಿಂದ ಕೊಯ್ದು ಹಾಕಿ. ಬೋಲ್ಟ್, ನಟ್, ಕೀಪರ್ ಒಟ್ಟಿಗೆ ಕಳಚಿ ಬರುತ್ತವೆ.

ಉಂಗುರವನ್ನು ತಂತಿ ಬ್ರಷ್‌ನಿಂದ ಉಜ್ಜಿ, ಮೇಲೆ, ಕೆಳಗೆ, ಹೊರ ಅಂಚು ಮೂರೂ ಕಡೆ. ಕೆಳಭಾಗವನ್ನು ಎಲ್ಲರೂ ಬಿಟ್ಟುಬಿಡುತ್ತಾರೆ, ಆದರೆ ಕೀಪರ್ ಉಜ್ಜುವುದು ಅಲ್ಲೇ. ನಂತರ 80 ನಂಬರಿನ ಮರಳು ಕಾಗದ. ಬೆರಳಿಗೆ ಗ್ಲೌಸ್ ಹಾಕಿ ಅಂಚಿನ ಸುತ್ತ ಒಂದು ಹಳೆಯ ನೈಲಾನ್ ಬಟ್ಟೆ ಎಳೆಯಿರಿ. ದಾರ ಎಲ್ಲಿ ಸಿಕ್ಕಿಕೊಳ್ಳುತ್ತದೋ ಅಲ್ಲಿ ಇನ್ನೂ ಮುಳ್ಳಿದೆ. ಉಂಗುರ ಎಲ್ಲಾದರೂ ಬಗ್ಗಿದ್ದರೆ ಒಳಗಡೆ ಮರದ ತುಂಡು ಆನಿಸಿ ಹೊರಗಿನಿಂದ ಮೆಲ್ಲಗೆ ಸುತ್ತಿಗೆ ಕೊಡಿ. ಕಲ್ಲು ಅಥವಾ ಗಟ್ಟಿ ಐಸ್ ಬಡಿದು ಬಗ್ಗುವುದು ಸಾಮಾನ್ಯ, ಬಿಗಿ ಇರುವ ಜಾಗದಲ್ಲೇ ನೋಡಿ.

ಬಣ್ಣ ಈಗ ಬೇಡ. ಬಿಸಿಯಿಲ್ಲದ ಗ್ಯಾರೇಜಿನಲ್ಲಿ ಜನವರಿಯಲ್ಲಿ ಬಳಿದ ಬಣ್ಣ ಸರಿಯಾಗಿ ಒಣಗದೆ ಮೊದಲ ವಾರವೇ ಸುಲಿದು ಕೀಪರ್‌ಗೆ ಮೆತ್ತಿಕೊಳ್ಳುತ್ತದೆ. ಸದ್ಯಕ್ಕೆ ಸಿಲಿಕೋನ್ ಸ್ಪ್ರೇ ಸಾಕು. ಮೇ ತಿಂಗಳಲ್ಲಿ ಮತ್ತೆ ಬಿಚ್ಚಿ ಪ್ರೈಮರ್, ಬಣ್ಣ ಹೊಡೆಯಿರಿ. ಅದನ್ನು ಮಾಡದಿದ್ದರೆ ಈ ಕೀಪರ್‌ಗಳಿಗೂ ಅದೇ ಗತಿ: ಡ್ರೈವ್‌ವೇ ಬಾಯಲ್ಲಿ ರಸ್ತೆಯ ಸ್ನೋ ತಳ್ಳುವ ಪ್ಲೋ ಗಾಡಿ ಒತ್ತಿಟ್ಟು ಹೋಗುವ ಗುಡ್ಡೆಯಲ್ಲಿ ರಸ್ತೆಯ ಉಪ್ಪು ತುಂಬಿರುತ್ತದೆ, ಅದೆಲ್ಲ ಹಾಯುವುದು ಈ ಉಂಗುರದ ಮೂಲಕವೇ.

ಸುರುಳಿ ಗೇರ್ ಹೊಂದಿಸುವುದಕ್ಕೆ ಒಂದು ಗುಟ್ಟಿದೆ. ಶೂಟನ್ನು ಕೈಯಲ್ಲಿ ಪೂರ್ತಿ ಎಡದಿಂದ ಪೂರ್ತಿ ಬಲಕ್ಕೆ ತಿರುಗಿಸಿ, ಅತಿ ಬಿಗಿ ಎಲ್ಲಿ ಎಂದು ಗುರುತು ಹಾಕಿ. ಆ ಜಾಗದ ಹಲ್ಲು ಸುರುಳಿಯ ಎದುರು ಬಂದಾಗಲೇ ಬ್ರಾಕೆಟ್ ಹೊಂದಿಸಿ ಬಿಗಿಯಿರಿ. ಸುರುಳಿ ಹಲ್ಲಿನ ಆಳಕ್ಕೆ ಇಳಿಯಬೇಕು, ಆದರೆ ತಳಕ್ಕೆ ಒತ್ತಬಾರದು. ಸಲೀಸು ಜಾಗದಲ್ಲಿ ಹೊಂದಿಸಿದರೆ ಬಿಗಿ ಜಾಗ ಬಂದಾಗ ಕ್ರ್ಯಾಂಕ್ ಸಿಕ್ಕಿಕೊಳ್ಳುತ್ತದೆ.

ಕ್ಯಾಲ್ಗರಿ ಚಳಿ

ಇದೇ ಪ್ರಶ್ನೆಗೆ ಬರುವ ಬೇರೆಯವರಿಗಾಗಿ: ಕ್ರ್ಯಾಂಕ್ ಬದಲು ಜಾಯ್‌ಸ್ಟಿಕ್ ಇರುವ ಯಂತ್ರಗಳಲ್ಲಿ ಶೂಟ್ ತಿರುಗಿಸುವುದು ಕೇಬಲ್‌ಗಳು. ಅಲ್ಲಿ ಶೂಟ್ ಬಿಚ್ಚುವ ಮೊದಲು ಅದನ್ನು ನೇರ ಮುಂದಕ್ಕೆ ನಿಲ್ಲಿಸಿ, ಜಾಯ್‌ಸ್ಟಿಕ್ಕನ್ನೂ ನಡುವಿಗೆ ತಂದು, ಕೇಬಲ್‌ಗಳಿಗೆ ಎಡ ಬಲ ಎಂದು ಟೇಪ್ ಅಂಟಿಸಿ. ಅದಲುಬದಲಾದರೆ ಎಡಕ್ಕೆ ತಳ್ಳಿದಾಗ ಬಲಕ್ಕೆ ತಿರುಗುತ್ತದೆ. ಕೇಬಲ್ ಕವಚದೊಳಗೆ ನೀರು ಹೋಗಿ ಹೆಪ್ಪುಗಟ್ಟಿದರೆ ಶೂಟ್ ಅಲುಗುವುದೇ ಇಲ್ಲ, ಹಲ್ಲು ಚೆನ್ನಾಗಿದ್ದರೂ. ಆಗ ಬದಲಾಯಿಸಬೇಕಾದ್ದು ಕೇಬಲ್. ನಮ್ಮಲ್ಲಿ ಚಿನೂಕ್ ಎಂಬ ಬೆಚ್ಚನೆಯ ಗಾಳಿ ಬಂದು ಎಲ್ಲ ಕರಗಿ, ಮರುದಿನ ಮತ್ತೆ ಹೆಪ್ಪುಗಟ್ಟುವಾಗ ಈ ತೊಂದರೆ ಹೆಚ್ಚು.

ಬಫಲೋ ಬಯಲು

ಶೂಟ್ ಹೊರಗಿರುವಾಗಲೇ ಒಳಗೆ ಟಾರ್ಚ್ ಬಿಟ್ಟು ಇಂಪೆಲ್ಲರ್ ನೋಡಿ, ಈ ಅವಕಾಶ ಪದೇ ಪದೇ ಸಿಗುವುದಿಲ್ಲ. ರೆಕ್ಕೆಯ ತುದಿಗೂ ಹೌಸಿಂಗಿಗೂ ನಡುವೆ ಕಾಲು ಇಂಚಿನಷ್ಟು ಸಂದು ಇದ್ದರೆ, ಒದ್ದೆ ಸ್ನೋ ಆ ಸಂದಿನಲ್ಲಿ ಹಿಂದೆ ಜಾರಿ ಶೂಟಿನ ಬುಡದಲ್ಲಿ ಕಟ್ಟಿಕೊಳ್ಳುತ್ತದೆ. ರೆಕ್ಕೆಗಳಿಗೆ ದಪ್ಪ ರಬ್ಬರ್ ಪಟ್ಟಿ ಹಾಕುವ ಕಿಟ್ ಸಿಗುತ್ತದೆ, ತೂತು ಕೊರೆಯಲು ಶೂಟಿನ ಬಾಯಿಯಿಂದಲೇ ಡ್ರಿಲ್ ಇಳಿಯುತ್ತದೆ. ನಾಲ್ಕು ರೆಕ್ಕೆ ಇದ್ದರೆ ನಾಲ್ಕಕ್ಕೂ ಹಾಕಿ, ಇಲ್ಲವೇ ಎದುರು ಬದುರು ಎರಡಕ್ಕೆ. ನಾಲ್ಕರಲ್ಲಿ ಒಂದಕ್ಕೆ ಅಥವಾ ಮೂರಕ್ಕೆ ಮಾತ್ರ ಹಾಕಿದರೆ ತೂಕ ತಪ್ಪಿ ಅದುರುತ್ತದೆ, ಬೇರಿಂಗ್ ಹೋಗುತ್ತದೆ. ಹಾಕಿದ ಮೇಲೆ ಸ್ಪಾರ್ಕ್ ಪ್ಲಗ್ ವೈರ್ ಇನ್ನೂ ಕಳಚಿರುವಾಗಲೇ ಇಂಪೆಲ್ಲರನ್ನು ಕಟ್ಟಿಗೆಯಿಂದ ಪೂರ್ತಿ ಒಂದು ಸುತ್ತು ತಿರುಗಿಸಿ ನೋಡಿ. ರಬ್ಬರ್ ಹೌಸಿಂಗಿಗೆ ಸವರಿದಂತೆ ಇರಬೇಕು, ತಡೆಯಬಾರದು.

ಇನ್ನೊಂದು ಮಾತು, ದಯವಿಟ್ಟು ಗಮನ ಕೊಡಿ. ಹೊಸ ಶೂಟಿನಲ್ಲೂ ಸೊನ್ನೆ ಡಿಗ್ರಿ ಹತ್ತಿರದ ಸ್ನೋ ಕಟ್ಟಿಕೊಳ್ಳುತ್ತದೆ. ಕೈ ಒಳಗೆ ಹಾಕಲೇಬೇಡಿ, ಇಂಜಿನ್ ನಿಂತಿದ್ದರೂ ಸರಿ. ಬೆಲ್ಟಿನಲ್ಲಿ ಬಿಗಿತ ಉಳಿದಿರುತ್ತದೆ, ಸಿಕ್ಕಿಕೊಂಡ ಸ್ನೋ ಗಡ್ಡೆ ಬಿಟ್ಟ ಕ್ಷಣ ಇಂಪೆಲ್ಲರ್ ತಿರುಗಿ ಬೆರಳು ಹೋಗುತ್ತದೆ. ಇಂಜಿನ್ ನಿಲ್ಲಿಸಿ, ಎಲ್ಲ ತಿರುಗುವುದು ನಿಂತ ಮೇಲೆ, ಯಂತ್ರದ ಜೊತೆ ಬರುವ ಪ್ಲಾಸ್ಟಿಕ್ ಸಲಾಕೆಯಿಂದಲೇ ಕೆದಕಿ. ನಿಮ್ಮ ಯಂತ್ರದಲ್ಲಿ ಆ ಸಲಾಕೆ ಕಳೆದುಹೋಗಿದ್ದರೆ ಶೂಟ್ ತರಿಸುವಾಗ ಅದನ್ನೂ ತರಿಸಬೇಕಿತ್ತು, ಈಗಲಾದರೂ ತರಿಸಿ.

ಸ್ಪ್ಯಾನರ್ 13

ಬಫಲೋದವರು ಹೇಳಿದ್ದಕ್ಕೆ ಸೇರಿಸಿ: ಶುರು ಮಾಡಿ ನೋಡುವಾಗ ಆಗರ್, ಅಂದರೆ ಮುಂದಿನ ಬಾಯಲ್ಲಿ ಸ್ನೋ ಎಳೆದುಕೊಳ್ಳುವ ಸುರುಳಿ, ಅದರ ಲಿವರ್ ಬಿಟ್ಟ 5 ಸೆಕೆಂಡಿನೊಳಗೆ ಆಗರ್, ಇಂಪೆಲ್ಲರ್ ಎರಡೂ ನಿಲ್ಲಬೇಕು. ನಿಲ್ಲದಿದ್ದರೆ ಶೂಟ್ ಹೊಸದಾದರೂ ಆ ಯಂತ್ರ ಹೊರಗೆ ಒಯ್ಯಬೇಡಿ, ಮೊದಲು ಕ್ಲಚ್ ಕೇಬಲ್ ಹೊಂದಿಸಿ. ಮೊದಲ ಪರೀಕ್ಷೆ ಕಿಟಕಿ, ಕಾರು, ಜನ ಇಲ್ಲದ ಕಡೆ ತಿರುಗಿಸಿಟ್ಟು ಮಾಡಿ. ಒಂದು ಗಂಟೆ ಕೆಲಸವಾದ ಮೇಲೆ ಕೀಪರ್ ನಟ್‌ಗಳನ್ನು ಇನ್ನೊಮ್ಮೆ ಮುಟ್ಟಿ ನೋಡಿ, ಹೊಸ ಪ್ಲಾಸ್ಟಿಕ್ ಸ್ವಲ್ಪ ಕೂರುತ್ತದೆ.

ಪ್ರತಿ ಸಲ ಕೆಲಸ ಮುಗಿದ ಮೇಲೆ ಆಗರನ್ನು ಒಂದು ನಿಮಿಷ ಖಾಲಿ ಓಡಿಸಿ, ಇಂಜಿನ್ ಆರಿಸುವ ಮೊದಲು ಶೂಟನ್ನು ಎರಡು ಮೂರು ಸಲ ಅತ್ತಿತ್ತ ಪೂರ್ತಿ ತಿರುಗಿಸಿ. ಬುಡದಲ್ಲಿ ಸ್ನೋ ಉಳಿಯದಿದ್ದರೆ ಬೆಳಿಗ್ಗೆ ಹೆಪ್ಪುಗಟ್ಟಲು ಅಲ್ಲಿ ಏನೂ ಇರುವುದಿಲ್ಲ. ಹಾಗೂ ಹೆಪ್ಪುಗಟ್ಟಿದ್ದರೆ ಕ್ರ್ಯಾಂಕ್ ಮುಟ್ಟದೆ, ಶೂಟಿನ ಬುಡವನ್ನೇ ಎರಡೂ ಕೈಯಲ್ಲಿ ಹೊರಗಿನಿಂದ ಹಿಡಿದು ಅಲುಗಾಡಿಸಿ ಬಿಡಿಸಿ, ಇಂಜಿನ್ ಶುರು ಮಾಡುವ ಮೊದಲೇ.

ಬ್ಯಾರಿ ಕನ್ನಡಿಗ

ಉಂಗುರ ಉಜ್ಜಿ, ಬಿಗಿ ಜಾಗದಲ್ಲೇ ಸುರುಳಿ ಹೊಂದಿಸಿದೆ. ಈಗ ಎಡದಿಂದ ಬಲಕ್ಕೆ ಎಲ್ಲೂ ಜಾರದೆ ತಿರುಗುತ್ತದೆ, ಓಡುವಾಗಲೂ ಇಟ್ಟಲ್ಲೇ ನಿಲ್ಲುತ್ತದೆ. ಇಂಪೆಲ್ಲರ್ ಸಂದು ಅಳೆದೆ, ಕಾಲು ಇಂಚಿಗಿಂತ ಚೂರು ಹೆಚ್ಚೇ ಇದೆ. ಮೇ ತಿಂಗಳಲ್ಲಿ ಬಣ್ಣಕ್ಕೆಂದು ಬಿಚ್ಚಿದಾಗ ರಬ್ಬರ್ ಪಟ್ಟಿಯನ್ನೂ ಹಾಕುತ್ತೇನೆ. ಸಲಾಕೆಗೆ ಇವತ್ತೇ ಆರ್ಡರ್ ಕೊಟ್ಟಿದ್ದೇನೆ.