ರಿಸರ್ವೇಶನ್ ಒಳಗೆ ಜಿಂಕೆ ಬೇಟೆ: ಜಾಗ ಯಾರದ್ದು, ಪರ್ಮಿಟ್ ಯಾರದ್ದು?

ಪ್ರಶ್ನೆ: ನಾನು ಮಡಿಕೇರಿ ಕಡೆಯವನು. ಸೌತ್ ಡಕೋಟದಲ್ಲಿ ಕೆಲಸ, ಎಚ್-1ಬಿ ವೀಸಾ. ಊರಿನ ಮನೆಯಲ್ಲಿ ಕೋವಿ ಇದೆ, ಬೇಟೆ ಮಾತ್ರ ಅಜ್ಜನ ಬಾಯಲ್ಲಿ ಕೇಳಿದ್ದು. ಆಫೀಸಿನ ಗೆಳೆಯರು ನವೆಂಬರ್‌ನಲ್ಲಿ ಜಿಂಕೆ ಬೇಟೆಗೆ ಕರೆಯುತ್ತಿದ್ದಾರೆ. ಜಾಗ ರೋಸ್‌ಬಡ್ ಸೂ ರಿಸರ್ವೇಶನ್, ಅಂದರೆ ಅಮೆರಿಕದ ಮೂಲನಿವಾಸಿಗಳಾದ ಸೂ ಬುಡಕಟ್ಟಿಗೆ ಮೀಸಲಿಟ್ಟ ಪ್ರದೇಶದ ಒಳಗಂತೆ. ಸ್ಟೇಟ್ ಲೈಸೆನ್ಸ್ ಒಂದೇ ಸಾಕಾ? ಗೊತ್ತಿದ್ದವರು ಹೇಳಿ.

ರ‍್ಯಾಪಿಡ್ ಸಿಟಿಯಿಂದ:
ನಿಂತ ನೆಲದ ಮೇಲೆ ಹೋಗುತ್ತದೆ ಸರ್. ರಿಸರ್ವೇಶನ್ ಅಂದರೆ ಅಷ್ಟೂ ಜಾಗ ಬುಡಕಟ್ಟಿನದ್ದೇ ಅಂದುಕೊಳ್ಳುತ್ತೇವೆ, ಅಲ್ವಾ? ಹಾಗಿಲ್ಲ. 1887ರ ಡಾಸ್ ಕಾಯ್ದೆ ಬಂದ ಮೇಲೆ ಎಲ್ಲರಿಗೂ ಸೇರಿದ್ದ ನೆಲವನ್ನು ಕುಟುಂಬಕ್ಕೆ 160 ಎಕರೆ ಲೆಕ್ಕದಲ್ಲಿ ತುಂಡು ಮಾಡಿದರು. ಮಿಕ್ಕಿದ್ದು ಹೊರಗಿನವರ ಪಾಲಾಯಿತು. ಈಗ ನೋಡಿದರೆ ಚದುರಂಗದ ಹಾಸು. ಒಂದು ಮನೆ ಟ್ರಸ್ಟ್ ಜಮೀನು (ಬುಡಕಟ್ಟಿಗಾಗಿ ಅಥವಾ ಅದರ ಸದಸ್ಯರಿಗಾಗಿ ಫೆಡರಲ್, ಅಂದರೆ ಕೇಂದ್ರ ಸರ್ಕಾರ ತನ್ನ ಹೆಸರಿನಲ್ಲಿ ಇಟ್ಟುಕೊಂಡಿರುವ ನೆಲ), ಪಕ್ಕದ್ದು ಯಾರೋ ರೈತನ ಸ್ವಂತದ್ದು.

ಟ್ರಸ್ಟ್ ಜಮೀನಿಗೆ ಟ್ರೈಬ್‌ನ ಪರ್ಮಿಟ್ಟೇ ಬೇಕು, ಸ್ಟೇಟ್ ಲೈಸೆನ್ಸ್ ಅಲ್ಲಿ ನಡೆಯುವುದಿಲ್ಲ. ಹೊರಗಿನವರ ಸ್ವಂತ ಜಮೀನಾದರೆ ಸ್ಟೇಟ್ ಲೈಸೆನ್ಸ್, ಜೊತೆಗೆ ಮಾಲೀಕನ ಒಪ್ಪಿಗೆ. ಅಂಥ ಜಮೀನಿನಲ್ಲಿ ಹೊರಗಿನವರ ಬೇಟೆಗೆ ಟ್ರೈಬ್ ಸಾಮಾನ್ಯವಾಗಿ ಕಟ್ಟಳೆ ಹಾಕುವಂತಿಲ್ಲ ಎಂದು 1981ರ ಮೊಂಟಾನಾ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಎಡವಟ್ಟಾಗುವುದು ಗುತ್ತಿಗೆ ಜಮೀನಿನಲ್ಲಿ. ಒಮ್ಮೆ ಒಬ್ಬ ರೈತ ಬೇಲಿ ಹತ್ತಿರ ನಿಂತು, "ಆ ಗಾಳಿಯಂತ್ರದವರೆಗೂ ನನ್ನದೇ, ಆರಾಮಾಗಿ ಹೋಗಿ" ಎಂದ. ಫೋನಿನಲ್ಲಿ ಯಾವ ಜಾಗ ಯಾರದ್ದು ಎಂದು ಬಣ್ಣದಲ್ಲಿ ತೋರಿಸುವ ಆನ್‌ಎಕ್ಸ್ ಮ್ಯಾಪ್ ತೆಗೆದರೆ ಗೇಟಿನ ಆಚೆಗೆ ಬಣ್ಣವೇ ಬೇರೆ. ಟ್ರೈಬ್‌ನ ಬೇಟೆ ಆಫೀಸಿಗೆ ಫೋನ್ ಮಾಡಿ ಸೆಕ್ಷನ್, ಟೌನ್‌ಶಿಪ್, ರೇಂಜ್ ನಂಬರ್ (ನಮ್ಮ ಸರ್ವೆ ನಂಬರ್ ಇದ್ದ ಹಾಗೆ) ಓದಿದೆವು. ಆ ಕಡೆಯ ಹೆಂಗಸು ನೋಡಿ ಹೇಳಿದರು: ಅದು ಟ್ರಸ್ಟ್ ಜಮೀನು, ಆತನಿಗೆ ದನ ಮೇಯಿಸಲು ಕೊಟ್ಟಿದ್ದೇವೆ, ಜಿಂಕೆ ಹೊಡೆಸಲು ಅಲ್ಲ. ರೈತ ಸುಳ್ಳು ಹೇಳಿರಲಿಲ್ಲ ಬಿಡಿ. ವರ್ಷಗಟ್ಟಲೆ ಮೇಯಿಸಿದ ಮೇಲೆ ನಮ್ಮದೇ ಅನ್ನಿಸಿಬಿಡುತ್ತದೆ. ಮ್ಯಾಪನ್ನೂ ಪೂರ್ತಿ ನಂಬಬೇಡಿ. ನಂಬರ್ ಓದಿ ಕೇಳುವುದೇ ಸರಿ.

ಅನುಮತಿ ಇಲ್ಲ ಎಂದು ಗೊತ್ತಿದ್ದೂ ಟ್ರಸ್ಟ್ ಜಮೀನಿಗೆ ಬೇಟೆಗೆ ನುಗ್ಗಿದರೆ ಅದು ಫೆಡರಲ್ ಅಪರಾಧ. ದಂಡ, 90 ದಿನದವರೆಗೆ ಜೈಲು, ಹೊಡೆದ ಪ್ರಾಣಿಯೂ ಜಪ್ತಿ. ಟ್ರೈಬ್‌ನ ಕಾನೂನು ಮೀರಿ ಹೊಡೆದದ್ದನ್ನು ಸಾಗಿಸಿದರೆ ಅಕ್ರಮ ಬೇಟೆಯ ಸಾಗಣೆ, ಮಾರಾಟ ತಡೆಯುವ ಫೆಡರಲ್ ಕಾನೂನಾದ ಲೇಸಿ ಕಾಯ್ದೆಯೂ ಮೇಲೆ ಬೀಳುತ್ತದೆ.

ಡಲ್ಲಾಸ್‌ನಿಂದ:
ಎಚ್-1ಬಿ ಅಂದಿರಲ್ಲ, ನನಗೆ ಅದೇ ಚಿಂತೆ. ಈ ವೀಸಾದಲ್ಲಿ ಇರುವವರು ಸುಮ್ನೆ ಗೆಳೆಯರ ಬಂದೂಕು ಕೈಗೆ ತೆಗೆದುಕೊಂಡರೂ ಫೆಡರಲ್ ಕೇಸ್ ಆಗಬಹುದು. ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಇದ್ದರೆ ವಿನಾಯಿತಿ ಇದೆ. ಫೆಡರಲ್ ಮಾನ್ಯತೆ ಇರುವ ಟ್ರೈಬ್ ಕೊಟ್ಟ ಪರ್ಮಿಟ್ ಕೂಡ ಆ ಲೆಕ್ಕಕ್ಕೆ ಬರುತ್ತದೆ. ಮೊದಲು ಲೈಸೆನ್ಸ್, ಆಮೇಲೆ ಬಂದೂಕು. ಅವಧಿ ಮುಗಿಯುವ ತಾರೀಕನ್ನೂ ನೋಡಿಕೊಳ್ಳಿ. ವೀಸಾ ಅರ್ಜಿಯಲ್ಲಿ ಎಂದಾದರೂ ಬಂಧನ, ಶಿಕ್ಷೆ ಆಗಿದೆಯಾ ಎಂದು ಕೇಳುತ್ತಾರೆ. ಒಂದು ಜಿಂಕೆಗೋಸ್ಕರ ಯಾಕೆ ಬೇಕು ಆ ಉಸಾಬರಿ? ಕೊಡವರಿಗೆ ಊರಲ್ಲಿ ಕೋವಿಗೆ ಇರುವ ವಿನಾಯಿತಿ ಇಲ್ಲಿ ಕೆಲಸಕ್ಕೆ ಬಾರದು, ಗೊತ್ತೇ ಇರುತ್ತದೆ.

ಮಿನಿಯಾಪೊಲಿಸ್‌ನಿಂದ:
ಒಂದು ರಿಸರ್ವೇಶನ್‌ನ ಅನುಭವ ಇನ್ನೊಂದಕ್ಕೆ ಹೊಂದುವುದಿಲ್ಲ ಅನ್ನುವುದನ್ನೂ ಸೇರಿಸುತ್ತೇನೆ. ನಮ್ಮ ರಾಜ್ಯದ ರೆಡ್ ಲೇಕ್‌ನಲ್ಲಿ ನೆಲ ಹಂಚಿಕೆಯೇ ಆಗಲಿಲ್ಲ, ಹೊರಗಿನವರಿಗೆ ಅದು ಮುಚ್ಚಿದ ಜಾಗ. ಮೊಂಟಾನಾದ ಫ್ಲಾಟ್‌ಹೆಡ್‌ನಲ್ಲಿ ಹೊರಗಿನವರಿಗೆ ಮೀನು, ಹಕ್ಕಿಗೆ ಪರ್ಮಿಟ್ ಸಿಗುತ್ತದೆ, ಜಿಂಕೆಗೆ ಇಲ್ಲ. ನ್ಯೂ ಮೆಕ್ಸಿಕೋದ ಮೆಸ್ಕಲೆರೊ ಅಪಾಚೆಯವರದ್ದು ಇನ್ನೊಂದು ಕತೆ. ಅವರ ನೆಲದಲ್ಲಿ ಹೊರಗಿನವರ ಬೇಟೆಗೂ ರಾಜ್ಯದ ಕಾನೂನು ಹೇರುವಂತಿಲ್ಲ ಎಂದು 1983ರಲ್ಲಿ ಸುಪ್ರೀಂ ಕೋರ್ಟೇ ಹೇಳಿತು. ಹಾಗಾಗಿ "ನಾವು ಅಲ್ಲಿ ಹೊಡೆದಿದ್ದೆವು, ಏನೂ ಆಗಲಿಲ್ಲ" ಎನ್ನುವ ಗೆಳೆಯರ ಮಾತು ಕೇಳಿ ಹೊರಡಬೇಡಿ.

ರ‍್ಯಾಪಿಡ್ ಸಿಟಿಯಿಂದ, ಮತ್ತೆ:
ಹೇಳಲು ಮರೆತಿದ್ದೆ. ಗುಂಡು ತಗುಲಿದ ಜಿಂಕೆ ಬೇಲಿ ಹಾರಿ ಟ್ರಸ್ಟ್ ಜಮೀನಿಗೆ ಓಡಿದರೆ ರಕ್ತದ ಜಾಡು ಹಿಡಿದು ಹಿಂದೆ ಹೋಗಬೇಡಿ. ಟ್ರೈಬ್‌ನ ವಾರ್ಡನ್‌ಗೆ (ಬೇಟೆ ನಿಯಮ ನೋಡಿಕೊಳ್ಳುವ ಅಧಿಕಾರಿ) ಫೋನ್ ಮಾಡಿ, ಅವರು ಹೇಳಿದಂತೆ ಮಾಡಿ. ಬೆಟ್ಟದ ಸಂದಿಯಲ್ಲಿ ಸಿಗ್ನಲ್ ಸಿಗುವುದಿಲ್ಲ, ನಂಬರನ್ನು ಹೊರಡುವ ಮೊದಲೇ ಕಾಗದದಲ್ಲಿ ಬರೆದಿಟ್ಟುಕೊಳ್ಳಿ.